ಬಿಸಿ ತಂತಿಗೆ ಗೊತ್ತು ಗಾಳಿಯ ಗುಟ್ಟು

ಪಕ್ಕದ ಮನೆ ರಾಯರ ಡೀಸೆಲ್ ಕಾರು ಏರು ಹತ್ತುವಾಗ ಮುಕ್ಕರಿಯುತ್ತಿತ್ತು ನೋಡಿ, ಗ್ಯಾರೇಜಿನ ಹುಡುಗ ಬಂದು ಏರ್ ಫಿಲ್ಟರ್ ಆಚೆಗಿನ ಕೊಳವೆಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಬಿಚ್ಚಿದ. "ಏರ್ ಫ್ಲೋ ಸೆನ್ಸರ್ ಸಾರ್, ಧೂಳು ಕೂತಿದೆ" ಅಂದ. ರಾಯರಿಗೆ ಖರ್ಚಿನ ಚಿಂತೆ, ನನಗೆ ಆ ತುಂಡಿನದೇ ಗುಂಗು. ಅದರೊಳಗೆ ತಿರುಗುವಂಥದ್ದು ಏನೂ ಇಲ್ಲ. ಆದರೂ ಎಂಜಿನ್ ಎಷ್ಟು ಗಾಳಿ ಎಳೆದುಕೊಂಡಿತು ಅಂತ ಲೆಕ್ಕ ಒಪ್ಪಿಸುತ್ತದಲ್ಲ!

ನಮ್ಮೂರ ಕಣದಲ್ಲಿ ರಾಗಿ ತೂರುವಾಗ ದೊಡ್ಡಪ್ಪ ಮೊರ ಎತ್ತುವ ಮೊದಲು ಕಣ್ಣು ಮುಚ್ಚಿ, ಬೆವೆತ ಮುಖವನ್ನು ಅತ್ತಿತ್ತ ತಿರುಗಿಸೋರು. ಯಾವ ಕೆನ್ನೆ ತಣ್ಣಗಾಯ್ತೋ ಗಾಳಿ ಆ ಕಡೆಯದು. ಗಾಳಿ ಬಂದಾಗ ತೂರಿಕೋ ಅಂತಾರೆ, ಸರಿ, ಬಂದದ್ದು ಮೊದಲು ಗೊತ್ತಾಗಬೇಕಲ್ವಾ? ಇವತ್ತಿನ ಸೆನ್ಸರ್ ಚಿಪ್ಪಿನಲ್ಲೂ ಅಂಥವೇ ಎರಡು ಕೆನ್ನೆ. ನಡುವೆ ಕೂದಲಿಗಿಂತ ಎಷ್ಟೋ ತೆಳುವಾದ, ಹೆಚ್ಚುಕಡಿಮೆ ಒಂದು ಮೈಕ್ರಾನ್ ದಪ್ಪದ ಪೊರೆಯ ಮೇಲೆ ಸಣ್ಣ ಹೀಟರ್, ಎರಡು ಪಕ್ಕದಲ್ಲೂ ತಾಪ ಅಳೆಯುವ ಗೆರೆಗಳು. ಗಾಳಿ ನಿಂತಿದ್ದರೆ ಎರಡೂ ಕಡೆ ಒಂದೇ ಬಿಸಿ. ಬೀಸಿತೋ, ಎದುರಿನದು ತಣ್ಣಗಾಗಿ ಹಿಂದಿನದು ಬೆಚ್ಚಗಾಗುತ್ತದೆ. ಪೊರೆ ಅಷ್ಟು ತೆಳು ಇರುವುದರಿಂದಲೇ ಬಿಸಿ ಚಿಪ್ಪಿನ ಮೈಗೆ ಸೋರಿಹೋಗುವುದಿಲ್ಲ.

ಬಿಸಿ ತಂತಿಯಿಂದ ಹರಿವು ಅಳೆಯುವ ಲೆಕ್ಕ 1914ರಷ್ಟು ಹಳೆಯದು. ಕೆನಡಾದಲ್ಲಿದ್ದ ವಿಜ್ಞಾನಿ ಎಲ್. ವಿ. ಕಿಂಗ್ ಆಗಲೇ ಸೂತ್ರ ಬರೆದುಕೊಟ್ಟಿದ್ದರು. ಬಾಷ್ ಕಂಪನಿಯ ಹಿಂದಿನ ಕಾರು ಸೆನ್ಸರುಗಳಲ್ಲಿ ಪ್ಲಾಟಿನಂ ತಂತಿ ಇರುತ್ತಿತ್ತು. ಎಂಜಿನ್ ಆಫ್ ಮಾಡಿದ ಮೇಲೆ ಅದು ಸುಮಾರು ಒಂದು ಸೆಕೆಂಡು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕೆಂಪಗಾಗಿ, ತನ್ನ ಮೇಲಿನ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತಂತೆ. ನಾವು ಬಾಗಿಲು ಹಾಕಿ ಮನೆಯೊಳಗೆ ಹೋಗುವ ಹೊತ್ತಿಗೆ ಬಾನೆಟ್ ಒಳಗೆ ಅದರ ಸ್ನಾನ ಮುಗಿದಿರುತ್ತಿತ್ತು. ಇದನ್ನು ಯೋಚಿಸಿದ ಎಂಜಿನಿಯರಿಗೆ ಒಂದು ನಮಸ್ಕಾರ ಹಾಕಬೇಕು ಅನ್ನಿಸುತ್ತದೆ.

ಇನ್ನೂ ಸೋಜಿಗ ಬೇರೆ ಇದೆ. ಅನಿಲ ಅಲುಗದೆ ನಿಂತಿದ್ದರೂ ಅದು ಯಾವುದು ಅಂತ ಹೀಟರ್ ಸುಳಿವು ಕೊಡುತ್ತದೆ. ಹೈಡ್ರೋಜನ್ ಗಾಳಿಗಿಂತ ಸುಮಾರು 7 ಪಟ್ಟು ಚೆನ್ನಾಗಿ ಬಿಸಿ ದಾಟಿಸುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಯ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ತೊಡಕು ಹುಟ್ಟುವುದೂ ಇಲ್ಲೇ. ಹೀಟರ್ ಹೆಚ್ಚು ತಣ್ಣಗಾಯಿತು ಅಂದರೆ ಹರಿವು ಜೋರಾಯಿತೋ, ಅನಿಲವೇ ಬೇರೆಯಾಯಿತೋ? ಮನೆಗೆ ಕೊಳವೆಯಲ್ಲಿ ಬರುವ ಅಡುಗೆ ಅನಿಲವನ್ನು ಹೀಗೆ ಅಳೆಯುವಾಗ ಅದರ ಮಿಶ್ರಣ ಬದಲಾಗುತ್ತಲೇ ಇರುತ್ತದೆ, ಅಳತೆ ತಪ್ಪಿದರೆ ದುಡ್ಡಿನ ಲೆಕ್ಕವೂ ತಪ್ಪಿತು, ಅಲ್ವಾ? ಅದಕ್ಕೇ ಹರಿವು ತಾಕದ ಒಂದು ಮೂಲೆಯಲ್ಲಿ ಇನ್ನೊಂದು ಹೀಟರ್ ಇಟ್ಟು, ಅನಿಲದ ಗುಣವನ್ನಷ್ಟೇ ಕೇಳಿಕೊಂಡು, ಹರಿವಿನ ಲೆಕ್ಕ ತಿದ್ದುತ್ತಾರೆ. ನನಗೆ ಇಡೀ ಸಂಗತಿಯಲ್ಲಿ ಹೆಚ್ಚು ಹಿಡಿಸಿದ್ದು ಈ ಮೂಲೆಯ ಉಪಾಯವೇ.

ನಿಮ್ಮ ಗಾಡಿಯಲ್ಲೂ ಈ ಸೆನ್ಸರ್ ಇದ್ದರೆ ಬಟ್ಟೆ, ಬ್ರಷ್ಷು ಅಂತ ಉಜ್ಜೋಕೆ ಹೋಗಬೇಡಿ, ಅದು ತಡೆದುಕೊಳ್ಳೋಲ್ಲ. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ, ಅದನ್ನು ಹೊಡೆದು ಪೂರ್ತಿ ಆರಿದ ಮೇಲೆ ಕೂರಿಸಿ. ಏರ್ ಫಿಲ್ಟರನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸಿ.