ಬಚ್ಚಲು ಒಡೆಸಿದ ರಾಯರು

ಒಂದು ಬಲ್ಬು ತನ್ನಿ ಎಂದರೆ ಬಲ್ಬಿನ ಚರಿತ್ರೆ ಓದುತ್ತಾ ಕತ್ತಲಲ್ಲೇ ಕೂತುಬಿಡುವವರು ಬೀದಿಗೊಬ್ಬರು ಇರುತ್ತಾರೆ. ಜಯನಗರದ ನಮ್ಮ ಬೀದಿಯಲ್ಲಿ ಆ ಹುದ್ದೆ ರಾಯರದು. ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ಆಡಿಟ್ ಮಾಡಲು ಈಗ ಉಳಿದಿರುವುದು ಸ್ವಂತ ಮನೆಯೊಂದೇ. ಗ್ರೈಂಡರಾಗಲಿ, ಯುಪಿಎಸ್ ಬ್ಯಾಟರಿಯಾಗಲಿ, ಅವರು ದುಡ್ಡು ಕೊಡುವ ಹೊತ್ತಿಗೆ ಅಂಗಡಿಯವನೇ ಅವರ ಸಲಹೆ ಕೇಳುವಂತಾಗಿರುತ್ತದೆ.

ಗೌರಿ ಹಬ್ಬ ಮುಗಿದ ಮೇಲೆ ಬಚ್ಚಲುಮನೆ ಒಡೆಸಿದರು. ಹಳೇ ಟೈಲ್ಸ್ ಹೋಯಿತು, ತುಕ್ಕು ಹಿಡಿದ ಜಿಐ ಪೈಪು ಹೋಯಿತು, ಹಿತ್ತಾಳೆಯ ಎರಡು ನಲ್ಲಿಗಳನ್ನು ಬಿಚ್ಚಿ ಪೇಪರಿನಲ್ಲಿ ಸುತ್ತಿಟ್ಟದ್ದಾಯಿತು. ಪ್ಲಂಬರ್ ಬೀಡಿ ಆರಿಸಿ ಕೇಳಿದ: “ಸಾರ್, ಮಿಕ್ಸರ್ ಹಾಕೋದಾ, ಬೇರೆ ಬೇರೆ ನಲ್ಲೀನಾ?”

ಕೇಳಬಾರದಿತ್ತು, ಕೇಳಿಬಿಟ್ಟ.

ರಾಯರು ನೋಟ್‌ಬುಕ್ಕು ತೆರೆದರು. ಮನೆಯವರೆಲ್ಲ ಸ್ನಾನಕ್ಕೆ ನಮ್ಮ ಮನೆಗೆ ಬರತೊಡಗಿದರು. ಬೆಳಿಗ್ಗೆ ಆರಕ್ಕೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ರಾಯರು ಗೇಟಿನ ಚಿಲಕ ತೆಗೆದರೆಂದರೆ ಸ್ನಾನ ಹತ್ತು ನಿಮಿಷ, ಉಪನ್ಯಾಸ ನಲವತ್ತು. “ಒಂದೇ ಹಿಡಿಯ ಮಿಕ್ಸರ್ ಒಳಗೆ ಏನಿರತ್ತೆ ಗೊತ್ತೇನ್ರೀ? ಸೆರಾಮಿಕ್ಕಿನ ಎರಡು ಬಿಲ್ಲೆ. ಒಂದರ ಮೇಲೊಂದು ಜಾರ್ತಾ ಇರತ್ತೆ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕೂತಿತೋ, ಹಿಡಿ ಅಲ್ಲಾಡಲ್ಲ. ಕಾರ್ಟ್ರಿಜ್ ಬದಲಾಯಿಸೋಣ ಅಂದ್ರೆ ಆ ಮಾಡೆಲ್ ನಿಂತುಹೋಯ್ತು ಅಂತಾನೆ ಅಂಗಡಿಯವನು. ಹಳೇ ನಲ್ಲಿಗಾದ್ರೆ ಒಂದು ವಾಷರ್, ಅಷ್ಟೇ!” ಗೋಡೆಯೊಳಗೆ ಹುದುಗಿಸುವ ಡೈವರ್ಟರ್ ಬಗ್ಗೆ ಅವರಿಗೆ ಭಯವೇ ಇತ್ತು. ಅದರ ಬಾಡಿ ಸೋರಿದರೆ ಟೈಲ್ಸ್ ಒಡೆಯಬೇಕು. ಒಡೆಸುವುದರ ರುಚಿ ಆಗಲೇ ನೋಡಿದ್ದರು.

ಇಷ್ಟಾದರೂ ಎರಡು ನಲ್ಲಿಗೇ ಮತ ಹಾಕಿದರೇ ಎಂದರೆ ಅದೂ ಇಲ್ಲ. ಮರುದಿನ ಬೆಳಿಗ್ಗೆ ಮಿಕ್ಸರ್ ಪರ ವಕಾಲತ್ತು. ಅದರ ಮರುದಿನ ಮೇಲಿನ ಮನೆಯವರ ಕತೆ: ಅವರ ತಣ್ಣೀರಿಗೆ ಪ್ರೆಷರ್ ಪಂಪು, ಬಿಸಿನೀರು ಮಾತ್ರ ತಾರಸಿಯ ಸೋಲಾರಿನಿಂದ ತನ್ನ ಪಾಡಿಗೆ ಇಳಿದು ಬರುವುದು. ಮಿಕ್ಸರಿನ ಎರಡೂ ತಿರುಪು ತೆರೆದಿಟ್ಟು ಹ್ಯಾಂಡ್ ಷವರಿನ ಬಾಯಿ ಮುಚ್ಚಿದರೆ ತಣ್ಣೀರು ಬಿಸಿನೀರಿನ ಲೈನಿಗೇ ನುಗ್ಗುತ್ತದೆ. “ಜೋರಿದ್ದವನು ಮೆತ್ತಗಿನವನ ಮನೆಗೆ ನುಗ್ಗಿದ ಹಾಗೆ,” ಎಂದರು ರಾಯರು. ನುಗ್ಗದಂತೆ ತಡೆಯುವ ಎನ್‌ಆರ್‌ವಿ ಎಂಬ ವಾಲ್ವಿಗೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ಮೀಸಲಾಯಿತು.

ನನ್ನ ಮನಸ್ಸಿಗೆ ಹಿಡಿಸಿದ್ದು ಅವರ ಕಾವೇರಿ ವಾದ. ಬೆಂಗಳೂರಿಗೆ ಕಾವೇರಿ ಸುಮ್ಮನೆ ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದಿಂದ 500 ಮೀಟರ್ ಎತ್ತರಕ್ಕೆ ಹತ್ತಿಸಬೇಕು. ಅಂಥ ನೀರು ತಾರಸಿಯ ಸೋಲಾರಿನಿಂದ ಬಚ್ಚಲಿಗೆ ಬರುವಾಗ ಮೊದಲು ಪೈಪಿನಲ್ಲಿ ನಿಂತ ತಣ್ಣನೆಯದೇ ಬರುತ್ತದೆ. ಷವರ್ ಆದರೆ ಅದಷ್ಟೂ ಮೋರಿಗೆ. ಬಿಸಿನೀರಿಗೆ ಬೇರೆ ನಲ್ಲಿ ಇದ್ದರೆ ಪಕ್ಕದ ಬಕೆಟ್ಟಿಗೆ ಹಿಡಿದಿಟ್ಟು ನೆಲ ಒರೆಸಬಹುದು. ಬಕೆಟ್ಟು ಚೊಂಬಿನ ಸ್ನಾನದವರಿಗೆ ಎರಡು ನಲ್ಲಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ರಾಯರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಡುವೆ ಅವರ ತಾಯಿ ಒಂದು ಶಾಸ್ತ್ರ ತೆಗೆದರು. ಬಿಸಿನೀರಿಗೆ ತಣ್ಣೀರು ಬೆರೆಸಬೇಕೇ ಹೊರತು ತಣ್ಣೀರಿಗೆ ಬಿಸಿನೀರು ಸುರಿಯಬಾರದು, ಅದು ಹೆಣದ ಸ್ನಾನ. “ನಿನ್ನ ಆ ಮಿಕ್ಸರಿನಲ್ಲಿ ಯಾವುದು ಮೊದಲು ಬರುತ್ತೋ?” ರಾಯರು ಷೋರೂಮಿಗೆ ಹೋಗಿ ಕೇಳಿಯೇಬಿಟ್ಟರು. ಟೈ ಕಟ್ಟಿದ ಹುಡುಗ “ಸೈಮಲ್ಟೇನಿಯಸ್ ಸಾರ್” ಎಂದ. ಸೈಮಲ್ಟೇನಿಯಸ್ ಆದರೆ ಮಡಿಯೋ ಮೈಲಿಗೆಯೋ ಹೇಳುವವರು ಸಿಗದೆ ಆ ಕಲಮು ಖಾಲಿ ಉಳಿಯಿತು.

ದೀಪಾವಳಿ ಬಂದರೂ ಗೋಡೆ ಬಾಯಿ ಬಿಟ್ಟುಕೊಂಡೇ ಇತ್ತು. ನೀರು ತುಂಬುವ ಹಬ್ಬದ ಸಂಜೆ ಆ ಅಜ್ಜಿ ನಮ್ಮ ಮನೆಯ ಪ್ಲಾಸ್ಟಿಕ್ ಬಕೆಟ್ಟಿಗೇ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಸುತ್ತಿದರು. ಅದನ್ನು ಕಂಡು ರಾಯರ ಹೆಂಡತಿಗೆ ಏನನ್ನಿಸಿತೋ, ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದರಂತೆ: “ಈ ವಾರದೊಳಗೆ ಗೋಡೆ ಮುಚ್ಚಿಸದಿದ್ದರೆ ನಾನು ತವರಿಗೆ ಹೊರಟೆ. ಅಲ್ಲಿ ಹಂಡೆ ಇದೆ.”

ನೋಟ್‌ಬುಕ್ಕಿನ ಅರವತ್ತು ಪುಟದಿಂದ ಆಗದ್ದು ಒಂದು ಹಂಡೆಯಿಂದ ಆಯಿತು. ಎರಡು ತಿರುಪಿನ ವಾಲ್ ಮಿಕ್ಸರ್, ಕೆಳಗೆ ಬಕೆಟ್ಟಿಗೆಂದು ಪ್ರತ್ಯೇಕ ತಣ್ಣೀರಿನ ನಲ್ಲಿ. ಪ್ಲಂಬರ್ ಮೊದಲನೇ ದಿನವೇ ಇದನ್ನು ಹೇಳಿದ್ದನಂತೆ. ಅವನು ಓಡಿಬಂದ, ರಾಯರ ಮನಸ್ಸು ಮತ್ತೆ ತಿರುಗುವ ಮುಂಚೆ ಸಿಮೆಂಟು ಕಲಸಬೇಕಿತ್ತು.

ಪೈಪು ಜೋಡಿಸುವಾಗ ರಾಯರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಎರಡು ಬಾಯಿಗಳ ನಡುವೆ ಸರಿಯಾಗಿ ಆರಿಂಚು ಇದೆಯೇ ಎಂದು ಟೇಪು ಹಿಡಿದು ನೋಡಿದರು. ಆಮೇಲೆ ಅವನಿಗೆ ಬೇಜಾರಾಗದಿರಲೆಂದು ಆಲ್ ಮೋಯೆನ್ ಕತೆ ಶುರು ಮಾಡಿದರು. 1937ರಲ್ಲಿ ಅಮೆರಿಕದ ಈ ವಿದ್ಯಾರ್ಥಿ ಎರಡು ತಿರುಪಿನ ನಲ್ಲಿಯಲ್ಲಿ ಕೈ ತೊಳೆಯಲು ಹೋಗಿ ಬಿಸಿನೀರಿನಲ್ಲಿ ಸುಟ್ಟುಕೊಂಡ. ಒಂದೇ ಹಿಡಿಯ ನಲ್ಲಿ ಮಾಡಲು ಕೂತ. ಅದು ಮಾರಾಟಕ್ಕೆ ಬಂದದ್ದು 1947ರಲ್ಲಿ. “ಹತ್ತು ವರ್ಷ ಕಣಯ್ಯಾ! ನಾನು ಎರಡು ತಿಂಗಳು ಯೋಚಿಸಿದ್ದಕ್ಕೆ ಎಲ್ಲರೂ ನಗ್ತೀರಿ.” ಪ್ಲಂಬರ್ ಬಾಯಿ ತೆರೆದು ಕೇಳುತ್ತಾ ಸಿಪಿವಿಸಿ ಪೈಪಿಗೆ ಅಂಟು ಹಚ್ಚಿ ಒತ್ತಿದ. ಸಿಮೆಂಟು ಬಿತ್ತು, ಟೈಲ್ಸ್ ಕೂತಿತು.

ಉದ್ಘಾಟನೆಗೆ ನಾವೂ ಹೋಗಿದ್ದೆವು. ರಾಯರು ಎಡಗಡೆಯ ತಿರುಪು ತಿರುಗಿಸಿದರು. ಬಿಸಿ ಯಾವಾಗಲೂ ಎಡ, ತಣ್ಣೀರು ಬಲ ಎಂದು ಬೀದಿಗೆಲ್ಲ ಪಾಠ ಹೇಳಿದವರು ಅವರೇ. ಬಕೆಟ್ಟು ಅರ್ಧ ತುಂಬಿದರೂ ಎಡಗಡೆಯಿಂದ ಬಂದದ್ದು ತಣ್ಣೀರು. ಪ್ಲಂಬರ್ ಮೆಲ್ಲಗೆ ಚಪ್ಪಲಿ ಹುಡುಕಿಕೊಂಡ. ರಾಯರು ಒಂದು ನಿಮಿಷ ಟೈಲ್ಸನ್ನೇ ನೋಡಿದರು. ಕನ್ನಡಕ ಒರೆಸಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, “ಎಡ, ಬಲ ಎಲ್ಲ ಪರದೇಶದವರ ಲೆಕ್ಕ. ನಮ್ಮಲ್ಲಿ ಶುಭ ಅಂದ್ರೆ ಬಲಗಡೆ ತಾನೇ?” ಎಂದರು.

ಅವರ ಮನೆಗೆ ಊಟಕ್ಕೆ ಹೋಗುವವರು ಕೈಕಾಲು ತೊಳೆಯುವಾಗ ಸ್ವಲ್ಪ ಜೋಪಾನ. ಬಲಗಡೆಯದು ಸೋಲಾರು; ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕಾದಿರುತ್ತದೆ.