ಹತ್ತು ಸಾವಿರದ ಸಾಹುಕಾರರು

‘ಆದಾಯ ಎಷ್ಟಂತ ಬರೀಲಿ ಯಮ್ಮಾ?’

‘ಕಾರ್ಡ್ ಹೋಗಲಾರದಂಗ ಬರಿ ಯಪ್ಪಾ.’

ಸಿಂಧನೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು. ಹುಡುಗ ಆದಾಯ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದ. ಮುದುಕಿ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ಕೊಟ್ಟು ನೆಲದ ಮೇಲೆ ಕೂತಿದ್ದಳು. ಹುಡುಗ ಮತ್ತೆ ಕೇಳಿದ: ‘ದಿನಕ್ಕ ಕೂಲಿ ಎಷ್ಟು ಬೀಳ್ತೈತಿ?’

‘ಕರದ್ರ ಮುನ್ನೂರು. ಕರೀದಿದ್ರ ಇಲ್ಲ.’

‘ಕರೀದಿದ್ರ ಇಲ್ಲ’ ಎಂದು ತುಂಬಲು ಅರ್ಜಿಯಲ್ಲಿ ಕಾಲಂ ಇಲ್ಲ. ಹುಡುಗ ತಲೆ ಕೆರೆದುಕೊಂಡು ಯಾವುದೋ ಒಂದು ಅಂಕಿ ಒತ್ತಿದ. ಮುದುಕಿಯ ಒಂದು ವರ್ಷದ ಬದುಕು ಎರಡು ಸೆಕೆಂಡಿನಲ್ಲಿ ಇತ್ಯರ್ಥವಾಯಿತು.

ಅವಳ ಭಯ ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ಇರಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟುವಂತಿಲ್ಲ. ತಿಂಗಳಿಗೆ ಹತ್ತು ಸಾವಿರ. ಮನೆಯಲ್ಲಿ ಐದು ಜನ ಎಂದುಕೊಳ್ಳಿ. ತಲೆಗೆ ದಿನಕ್ಕೆ 66 ರೂಪಾಯಿಯೂ ಬೀಳುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ, ಒಂದು ಚಾ. ಅಲ್ಲಿಗೆ ಅವತ್ತಿನ ಬಡತನ ಖಲಾಸ್. ರಾತ್ರಿ ಊಟ ಮಾಡಿದರೆ ನೀವು ಅನುಕೂಲಸ್ಥರು.

ಇನ್ನೊಂದು ಲೆಕ್ಕ ನೋಡಿ. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಸರ್ಕಾರವೇ ಕಟ್ಟಿದ ಕೂಲಿ. ಈ ದರದಲ್ಲಿ ಒಬ್ಬ ಆಳು ವರ್ಷಕ್ಕೆ 325 ದಿನ ಗುದ್ದಲಿ ಹಿಡಿದರೆ ಆದಾಯ 1,20,250 ರೂಪಾಯಿ. ಮಿತಿ ದಾಟಿತು. 250 ರೂಪಾಯಿ ಹೆಚ್ಚು ದುಡಿದ ತಪ್ಪಿಗೆ ಅವನು ಬಡವನಲ್ಲ. ಗಂಡ-ಹೆಂಡತಿ ಇಬ್ಬರೂ ದುಡಿದರೆ ಅರ್ಧ ವರ್ಷದೊಳಗೇ ಸಾಹುಕಾರರು.

ಅದಕ್ಕೇ ಇರಬೇಕು, ಆಗ ಖಾತ್ರಿ ಕೊಟ್ಟದ್ದು ನೂರೇ ದಿನಕ್ಕೆ. ಬಡವ ಅಪ್ಪಿತಪ್ಪಿ ಶ್ರೀಮಂತನಾದಾನೆಂಬ ಮುಂಜಾಗ್ರತೆ.

ಈಗ ಬೆಂಗಳೂರಿಗೆ ಹೋಗೋಣ. 2025ರ ಮಾರ್ಚ್ 21. ವಿಧಾನಸಭೆಯಲ್ಲಿ ಗದ್ದಲ. ಕಾಗದ ಹರಿದು ತೂರುತ್ತಿದ್ದರು. ಅವತ್ತೇ ಹದಿನೆಂಟು ಶಾಸಕರು ಅಮಾನತಾದರು. ಅಂಥ ಗದ್ದಲದಲ್ಲೂ ಒಂದು ಕೆಲಸ ಮಾತ್ರ ಸದ್ದಿಲ್ಲದೆ, ಚರ್ಚೆಯಿಲ್ಲದೆ ನಡೆಯಿತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ. ಭತ್ಯೆಗಳ ಲೆಕ್ಕ ಬೇರೆ. ಕೊಟ್ಟ ಕಾರಣ: ಜೀವನ ವೆಚ್ಚ ಏರಿದೆ.

ಹೌದು ಸ್ವಾಮಿ, ಏರಿದೆ. ಅದನ್ನೇ ಅಲ್ಲವೇ ಆ ಮುದುಕಿಯೂ ಹೇಳುತ್ತಿರುವುದು? ವ್ಯತ್ಯಾಸ ಇಷ್ಟೇ. ನಿಮಗೆ ವೆಚ್ಚ ಏರಿದರೆ ಸಂಬಳ ಏರುತ್ತದೆ. ಅವಳಿಗೆ ವೆಚ್ಚ ಏರಿದರೆ ಕಾರ್ಡಿನ ಮರುಪರಿಶೀಲನೆ ನಡೆಯುತ್ತದೆ.

ಅದೇ ಮಾರ್ಚ್ ಕೊನೆಗೆ ಉದ್ಯೋಗ ಖಾತ್ರಿ ಕೂಲಿಯೂ ಏರಿತು. 349 ಇದ್ದದ್ದು 370. ಶೇ 6. ಶಾಸಕರಿಗೆ ಶೇ 100. ಇಬ್ಬರೂ ಹೋಗುವುದು ಅದೇ ಕಿರಾಣಿ ಅಂಗಡಿಗೆ ತಾನೇ? ಕ್ಷಮಿಸಿ, ಮರೆತೆ. ಒಬ್ಬರು ಮಾತ್ರ ಹೋಗುತ್ತಾರೆ.

ಇದಕ್ಕೂ ಎರಡು ತಿಂಗಳು ಮೊದಲು, ಜನವರಿ ಚಳಿಯಲ್ಲಿ, ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಹಗಲೂ ರಾತ್ರಿ. ಕೇಳಿದ್ದು ತಿಂಗಳಿಗೆ 15 ಸಾವಿರ. ಸರ್ಕಾರ ಒಪ್ಪಿದ್ದು 10 ಸಾವಿರ. ವರ್ಷಕ್ಕೆ ಗುಣಿಸಿ ನೋಡಿ. ಸರಿಯಾಗಿ 1.20 ಲಕ್ಷ. ಬಡತನದ ಗೆರೆಯ ಮೇಲೆ ಬೆರಳಿಟ್ಟು ಅಳೆದ ಹಾಗೆ. ಇನ್ನೊಂದು ರೂಪಾಯಿ ಕೊಟ್ಟಿದ್ದರೆ ಅಕ್ಕಿ ಹೋಗುತ್ತಿತ್ತು. ಎಂಥ ಕಾಳಜಿ!

ಹಾಗಾದರೆ ಮನುಷ್ಯ ಬದುಕಲು ಎಷ್ಟು ಬೇಕು? ಸರ್ಕಾರದ ಹತ್ತಿರ ಉತ್ತರ ಇಲ್ಲವೆಂದಲ್ಲ. ಬೇಕಾದಷ್ಟಿವೆ.

2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿತ್ತು: ಹಳ್ಳಿಯಲ್ಲಿ ದಿನಕ್ಕೆ 26 ರೂಪಾಯಿ, ಪಟ್ಟಣದಲ್ಲಿ 32 ರೂಪಾಯಿ ಖರ್ಚು ಮಾಡುವವ ಬಡವನಲ್ಲ. ದೇಶವೇ ಉಗಿಯಿತು. ಆಯೋಗವೇ ಹೋಯಿತು. ಗೆರೆ ಎಳೆಯುವ ಚಟ ಮಾತ್ರ ಹೋಗಲಿಲ್ಲ.

2019ರಲ್ಲಿ ಮೇಲ್ಜಾತಿಯ ಬಡವರಿಗೆ ಶೇ 10 ಮೀಸಲಾತಿ ಬಂತು. ಅಲ್ಲಿ ಬಡವ ಎಂದರೆ ವರ್ಷಕ್ಕೆ 8 ಲಕ್ಷದೊಳಗಿನ ಆದಾಯದವನು. ತಿಂಗಳಿಗೆ 66 ಸಾವಿರ ದುಡಿಯುವ ಬಡವ! ಹಿಂದುಳಿದ ವರ್ಗದವನು ಅದೇ 8 ಲಕ್ಷ ದಾಟಿದರೆ ಕೆನೆಪದರ. ಹಾಲು ಒಂದೇ, ಕೆನೆ ಯಾರದೆಂಬುದು ಮಾತ್ರ ಬೇರೆ. ಮಸ್ಕಿಯ ಕೂಲಿಯವಳು 1.20 ಲಕ್ಷ ದಾಟಿದರೆ ಅವಳು ಕೆನೆಯೂ ಅಲ್ಲ, ಮಜ್ಜಿಗೆಯೂ ಅಲ್ಲ. ಕಳ್ಳಿ.

2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲವೆಂದರು. ತಿಂಗಳಿಗೆ ಲಕ್ಷ ದುಡಿಯುವವನ ಕಷ್ಟ ಅರ್ಥವಾಯಿತು. ಸಂತೋಷ. ತಿಂಗಳಿಗೆ ಹತ್ತು ಸಾವಿರದ ಒಂದು ರೂಪಾಯಿ ದುಡಿಯುವವಳ ಕಷ್ಟ ಇನ್ನೂ ಅರ್ಥವಾಗಿಲ್ಲ. ಅವಳಿಗೆ ಚಾರ್ಟರ್ಡ್ ಅಕೌಂಟೆಂಟ್ ಇಲ್ಲ ನೋಡಿ.

2024ರ ಆಗಸ್ಟ್ ಒಂದರಿಂದ ರಾಜ್ಯದ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ. ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಬೇಡವೆಂದವರಾರು? ಆದರೆ ಇದರರ್ಥವೇನು? ತೀರಾ ಕೆಳಗಿನ ನೌಕರನೂ 27 ಸಾವಿರಕ್ಕಿಂತ ಕಡಿಮೆಯಲ್ಲಿ ಬದುಕಲಾರ ಎಂದು ಸರ್ಕಾರವೇ ಒಪ್ಪಿದಂತೆ. ಕಚೇರಿಯ ಒಳಗೆ ಕುರ್ಚಿ ಒರೆಸುವವನಿಗೆ 27 ಸಾವಿರ ಬೇಕು. ಹೊರಗೆ ಸರತಿಯಲ್ಲಿ ನಿಂತವಳಿಗೆ ಹತ್ತು ಸಾವಿರ ಜಾಸ್ತಿಯಾಯಿತು. ನಡುವೆ ಇರುವುದು ಒಂದು ಬಾಗಿಲು.

ಇನ್ನು ನಮ್ಮ ಊರಿನ ಕಟ್ಟೆ ಪಂಡಿತರು. ಚಾದಂಗಡಿಯಲ್ಲಿ ಕೂತು ನಿಟ್ಟುಸಿರು ಬಿಡುತ್ತಾರೆ. ‘ಗೃಹಲಕ್ಷ್ಮಿ ಅಂತ ಎರಡು ಸಾವಿರ ಕೊಟ್ಟು ಹೆಂಗಸರನ್ನ ಹಾಳು ಮಾಡಿದ್ರು, ನಾಟಿಗೆ ಆಳೇ ಸಿಗವಲ್ರು.’ ಹೇಳುವವರು ಯಾರು? ಕಾಲುವೆ ನೀರಿನ ಗದ್ದೆಯವರು. ಹೊಲದ ಪಂಪಿಗೆ ಕರೆಂಟ್ ಬಿಲ್ ಬಾರದವರು. 266 ರೂಪಾಯಿ 50 ಪೈಸೆಗೆ ಯೂರಿಯಾ ಚೀಲ ಸಿಗದಿದ್ದರೆ ರಸ್ತೆ ತಡೆಯುವವರು. ಸಬ್ಸಿಡಿ ಅವರಿಗೆ ಬಂದರೆ ಕೃಷಿ ಪ್ರೋತ್ಸಾಹ. ಅವಳಿಗೆ ಬಂದರೆ ಬಿಟ್ಟಿ ಭಾಗ್ಯ. ಎರಡು ಸಾವಿರಕ್ಕೆ ಹಾಳಾಗುವಷ್ಟು ಅಗ್ಗವಾಗಿದ್ದರೆ ನೀವೂ ಒಂದು ತಿಂಗಳು ಹಾಳಾಗಿ ನೋಡಿ.

ಆಳು ಸಿಗುವುದಿಲ್ಲ ನಿಜ. ಯಾಕೆಂದರೆ ಆಳು ಇಲ್ಲಿಲ್ಲ. ಲಿಂಗಸೂಗೂರು, ಮಸ್ಕಿಯ ಒಣ ಹಳ್ಳಿಗಳಿಂದ ಗುಳೆ ಹೋಗಿದ್ದಾರೆ. ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿದ್ದಾರೆ. ಹಬ್ಬಕ್ಕೆ ಬರುತ್ತಾರೆ, ಓಟಿಗೆ ಬರುತ್ತಾರೆ. ಓಟಿಗೆ ಬರುವಾಗ ಮಾತ್ರ ಅವರು ‘ನಮ್ಮ ಜನ’.

ಸಿಂಧನೂರಿನ ನೀರಾವರಿಯೂ ಭಾಗ್ಯವಂತವಾಗಿ ಉಳಿಯಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನೆಲ್ಲ ಬದಲಿಸಬೇಕೆಂದು 2025ರ ನವೆಂಬರ್‌ನಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ಗೇಟು ಬದಲಿಸಬೇಕು, ಸರಿ. ಒಂದು ಬೆಳೆ ಹೋದರೆ ನಾಟಿ, ಕಳೆ, ರಾಶಿ, ಹಮಾಲಿ ಎಲ್ಲ ಹೋದಂತೆ. ರೈತ ಪರಿಹಾರ ಕೇಳುತ್ತಾನೆ, ಕೇಳಬೇಕು. ನಾಟಿ ಹಚ್ಚುವವಳು ಯಾರನ್ನು ಕೇಳಬೇಕು? ಅವಳ ಹೆಸರಿನಲ್ಲಿ ಪಹಣಿ ಇಲ್ಲ. ಅವಳ ನಷ್ಟಕ್ಕೆ ಸರ್ವೆ ನಂಬರ್ ಇಲ್ಲ.

ಅಷ್ಟರಲ್ಲಿ ಇನ್ನೊಂದು ಶುಭ ಸುದ್ದಿ ಬಂತು. 2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25. ಬೆಲೆ ಏರಿಯೇ ಇಲ್ಲ! ಆಹಾರ ಪದಾರ್ಥಗಳ ಬೆಲೆಯಂತೂ ವರ್ಷದ ಹಿಂದಿಗಿಂತ ಶೇ 5ರಷ್ಟು ಇಳಿದಿತ್ತಂತೆ. ಟಿ.ವಿ.ಯಲ್ಲಿ ಚಪ್ಪಾಳೆ.

ಇಳಿದದ್ದು ಯಾರ ಬೆಲೆ? ತೊಗರಿ ದುಬಾರಿಯಾದಾಗ ದಿಲ್ಲಿಗೆ ನಿದ್ದೆ ಹತ್ತಲಿಲ್ಲ. ಸುಂಕವಿಲ್ಲದೆ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ತರಿಸಿದರು. 2026ರ ಮಾರ್ಚ್‌ವರೆಗೂ ಬಾಗಿಲು ತೆರೆದಿಟ್ಟರು. ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕವನ್ನು 2025ರ ಆಗಸ್ಟ್‌ನಲ್ಲಿ ತೆಗೆದರು. ನಮ್ಮ ರೈತ ಹತ್ತಿ ಬಿಡಿಸಲು ತಯಾರಾಗುವ ಹೊತ್ತಿಗೆ ಸರಿಯಾಗಿ. ಹಣದುಬ್ಬರ ಇಳಿಯಿತು ಎನ್ನುವುದರಲ್ಲಿ ಲಿಂಗಸೂಗೂರಿನವನ ತೊಗರಿ ಚೀಲವೂ ಸೇರಿದೆ.

ಶಾಲೆ ಫೀಸು ಏರಿದರೆ ಮೊಜಾಂಬಿಕ್‌ನಿಂದ ಶಾಲೆ ತರಿಸುವುದಿಲ್ಲ. ಆಸ್ಪತ್ರೆ ಬಿಲ್ಲು ಏರಿದರೆ ಮ್ಯಾನ್ಮಾರ್‌ನಿಂದ ಡಾಕ್ಟರ್ ತರಿಸುವುದಿಲ್ಲ. ನಾವು ಮಾರುವುದು ಅಗ್ಗವಾಗಬೇಕು, ನಾವು ಕೊಳ್ಳುವುದು ಹಾಗೇ ಇರಬೇಕು. ಇದರ ಸರಾಸರಿಯೇ 0.25.

ರಾಜಕೀಯ ಪಕ್ಷಗಳು ಸುಮ್ಮನಿವೆ ಎನ್ನಬೇಡಿ. 2025ರ ಏಪ್ರಿಲ್ ಒಂದರಿಂದ ರಾಜ್ಯ ಸರ್ಕಾರ ಹಾಲಿಗೆ ಲೀಟರಿಗೆ 4 ರೂಪಾಯಿ, ಡೀಸೆಲ್‌ಗೆ ಸುಮಾರು 2 ರೂಪಾಯಿ ಏರಿಸಿತು. ಕರೆಂಟಿಗೆ ಯೂನಿಟ್‌ಗೆ 36 ಪೈಸೆ ಸೇರಿತು. ರೊಚ್ಚಿಗೆದ್ದ ಬಿಜೆಪಿ ಏಪ್ರಿಲ್ 7ರಂದು ಮೈಸೂರಿನಲ್ಲಿ ಜನಾಕ್ರೋಶ ಯಾತ್ರೆ ಹೊರಡಿಸಿತು. ಅದೇ ದಿನ ಕೇಂದ್ರದಲ್ಲಿನ ಅವರದೇ ಸರ್ಕಾರ ಅಡುಗೆ ಅನಿಲಕ್ಕೆ 50 ರೂಪಾಯಿ ಏರಿಸಿತು. ಈಗ ಕಾಂಗ್ರೆಸ್ ರೊಚ್ಚಿಗೆದ್ದಿತು. ಅದೇ ತಿಂಗಳು ಬೆಳಗಾವಿಯಲ್ಲಿ ಬೆಲೆ ಏರಿಕೆ ವಿರುದ್ಧ ಸಮಾವೇಶ ಮಾಡಿತು. ಬೆಲೆ ಏರಿಸಿದ ಇಬ್ಬರೂ ಬೆಲೆ ಏರಿಕೆಯ ವಿರುದ್ಧ ಬೀದಿಗಿಳಿದರು. ಕೊಳ್ಳುವವಳಿಗೆ ಬೀದಿಯಲ್ಲಿ ನಿಲ್ಲಲು ಜಾಗ ಉಳಿಯಲಿಲ್ಲ.

ಸಂಬಳ ಏರಿಕೆಯ ವಿರುದ್ಧ ಯಾರಾದರೂ ಯಾತ್ರೆ ಹೊರಟಿದ್ದರೆ ನನಗೆ ತಿಳಿಸಿ. ಜೊತೆಗೆ ನಡೆಯುತ್ತೇನೆ.

ನಮ್ಮ ನೆಲವೇನು ಬಡ ನೆಲವೇ? ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಚಿನ್ನದ ಗಣಿ ಇದೆ. ಬಂಗಾರ 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂಗೆ ಲಕ್ಷ ಮುಟ್ಟಿತು, ಅಕ್ಟೋಬರ್‌ನಲ್ಲಿ 1.20 ಲಕ್ಷವನ್ನೂ ದಾಟಿತು. ಅಂದರೆ ಒಂದು ತೊಲೆ ಬಂಗಾರವೇ ಬಡತನದ ಗೆರೆ ದಾಟಿದೆ. ಅದರ ಕಾರ್ಡು ರದ್ದಾಗಬೇಕಿತ್ತು. ಆದರೆ ರದ್ದಾಗುವುದು ಬಂಗಾರದ ನೆಲದ ಮೇಲೆ ಬರಿಗಾಲಲ್ಲಿ ನಡೆಯುವವಳದು.

ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್‌ಗೆ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ ಬಂಡೆ ಅದು. ಶ್ರೇಯಸ್ಸು ದೊಡ್ಡವರ ಸ್ವತ್ತಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲ ಎಂಬ ಮಾತು ಅದರಲ್ಲಿದೆ. ‘ಆದಾಯ ಮಿತಿಗೆ ಒಳಪಟ್ಟು’ ಎಂದು ಚಕ್ರವರ್ತಿ ಸೇರಿಸಲಿಲ್ಲ. ಅವನ ಕಾಲದಲ್ಲಿ ಆಹಾರ ಇಲಾಖೆ ಇರಲಿಲ್ಲ.

ಇದ್ದಿದ್ದರೆ ಏನಾಗುತ್ತಿತ್ತು? 2024ರ ನವೆಂಬರ್ ನಮಗೆ ನೆನಪಿದೆ. ಕಾರ್ಡು ರದ್ದು ಎಂದರು. ಹಾಹಾಕಾರ ಎದ್ದಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಎಂದರು. ಸರಿಪಡಿಸಿದರು, ಒಪ್ಪೋಣ. ಗೆರೆ ಮಾತ್ರ ಇದ್ದಲ್ಲೇ ಇದೆ. ಹಾಲು ಏರಿತು, ಡೀಸೆಲ್ ಏರಿತು, ಸಂಬಳ ಏರಿತು, ಬಂಗಾರ ಏರಿತು. 1.20 ಲಕ್ಷ ಮಾತ್ರ ಮಸ್ಕಿಯ ಬಂಡೆಯಂತೆ ಅಲುಗಲಿಲ್ಲ.

‘ಸಾಕು’ ಎಂಬ ಮಾತು ನಮ್ಮಲ್ಲಿ ಯಾವಾಗಲೂ ಬಡಿಸುವವನ ಬಾಯಲ್ಲೇ ಬರುತ್ತದೆ. ಉಣ್ಣುವವಳನ್ನು ಯಾರೂ ಕೇಳುವುದಿಲ್ಲ.

ನನ್ನದು ಒಂದೇ ಬೇಡಿಕೆ. ಹೊಸ ಆಯೋಗ ಬೇಡ, ಸಮಿತಿ ಬೇಡ. ಶಾಸಕರ ಸಂಬಳ ಎಷ್ಟು ಪಾಲು ಏರುತ್ತದೋ ಅಷ್ಟೇ ಪಾಲು, ಅದೇ ದಿನ, ಅದೇ ಮಸೂದೆಯಲ್ಲಿ, ಬಡವರ ಆದಾಯ ಮಿತಿಯೂ ಏರಲಿ. 2025ರ ಲೆಕ್ಕದಲ್ಲಿ 2.40 ಲಕ್ಷ. ಬೇಕಿದ್ದರೆ ಚರ್ಚೆಯಿಲ್ಲದೆ, ಗದ್ದಲದ ನಡುವೆಯೇ ಪಾಸು ಮಾಡಿ. ನಮ್ಮ ಆಕ್ಷೇಪಣೆ ಇಲ್ಲ.

ಅಂಗಡಿಯ ಮುದುಕಿಯ ಅರ್ಜಿ ಮುಗಿಯಿತು. ಹೆಬ್ಬೆಟ್ಟಿಗೆ ಅಂಟಿದ ಮಸಿಯನ್ನು ಗೋಡೆಗೆ ಒರೆಸಿ ಎದ್ದಳು. ಬಡವಿಯೆಂದು ಬರೆಸಿದ್ದಕ್ಕೆ ಹುಡುಗ ನೂರು ರೂಪಾಯಿ ಕೇಳಿದ.

‘ಹೋದ ವರ್ಷ ಐವತ್ತ ತಗೊಂಡಿದ್ದೆಲ್ಲಪ್ಪಾ?’

‘ಎಲ್ಲಾ ರೇಟ್ ಜಾಸ್ತಿ ಆಗ್ಯಾವ ಯಮ್ಮಾ.’