ಅಗಲ ಮಾನಿಟರ್: ಬಳಸುವ ಕ್ರಮ

ಮದುವೆ ಆಲ್ಬಂ ಡಿಸೈನಿಗೆಂದು 34 ಇಂಚಿನ, 5120×2160 ಪಿಕ್ಸೆಲ್‌ಗಳ ಅಗಲ ಮಾನಿಟರ್ ಕೊಂಡ ಸ್ಟುಡಿಯೋದವರಿಗೆ ಅಭಿನಂದನೆಗಳು. ಮುಂದೆ ಓದುವ ಮೊದಲು ಕನ್ನಡಕ ಹಾಕಿಕೊಳ್ಳಿ. ಇನ್ನೂ ಕನ್ನಡಕ ಬರದವರು ಅವಸರಪಡಬೇಕಿಲ್ಲ, ಬರುತ್ತದೆ.

ಪೆಟ್ಟಿಗೆಯೊಳಗೆ

ಪರದೆ, ಸ್ಟ್ಯಾಂಡು, ಕೇಬಲ್ಲು ಮತ್ತು 1,10,59,200 ಪಿಕ್ಸೆಲ್‌ಗಳು. ಎಣಿಸಿಕೊಂಡೇ ಸಹಿ ಹಾಕಿ. ಆಮೇಲೆ ಕಡಿಮೆ ಬಿತ್ತೆಂದರೆ ಅಂಗಡಿಯವರು ಕೇಳುವುದಿಲ್ಲ. ನಿಮ್ಮ ಹಳೆಯ 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 92 ಪಿಕ್ಸೆಲ್ ಇದ್ದವು, ಇದರಲ್ಲಿ 163. ಮುಂದಿನ ಕಷ್ಟಗಳೆಲ್ಲ ಈ ಎರಡು ಸಂಖ್ಯೆಗಳ ನಡುವೆ ಇವೆ.

ಮೊದಲ ಹಂತ: ಹುಡುಕುವುದು

ಫೋಟೋಶಾಪ್ ತೆರೆಯಿರಿ. ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆಂದು 2012ರ ಸಿಎಸ್6 ಅನ್ನೇ ಇಟ್ಟುಕೊಂಡವರು ನೀವಾಗಿದ್ದರೆ, ಎಡಗಡೆ ಸಾಸಿವೆ ಚೆಲ್ಲಿದ ಹಾಗೆ ಏನೋ ಕಾಣುತ್ತದೆ. ಒರೆಸಬೇಡಿ, ಅದು ಟೂಲ್ ಬಾರ್. 16 ಪಿಕ್ಸೆಲ್ ಅಗಲದ ಐಕಾನ್ ಈ ಪರದೆಯ ಮೇಲೆ ಎರಡೂವರೆ ಮಿಲಿಮೀಟರ್. ಲೇಯರ್ ಪ್ಯಾನೆಲ್‌ನಲ್ಲಿ ಕಣ್ಣಿನ ಗುರುತೊಂದಿದೆ. ಅದನ್ನು ಕಾಣಲು ನಿಮ್ಮ ಕಣ್ಣನ್ನು ಗಾಜಿಗೆ ತಾಗಿಸಬೇಕಾಗುತ್ತದೆ. ಕ್ಲೋನ್ ಸ್ಟಾಂಪ್‌ಗೆ ಎಸ್, ಹೀಲಿಂಗ್ ಬ್ರಷ್‌ಗೆ ಜೆ ಒತ್ತಿ. ಶಾರ್ಟ್‌ಕಟ್ ಬಾಯಿಪಾಠ ಇದ್ದವರು ಬದುಕಿದರು.

ಎರಡನೇ ಹಂತ: ಆಸೆಪಡುವುದು

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ 150% ಮಾಡಿ. ಫೋಲ್ಡರ್, ಬ್ರೌಸರ್, ಗಡಿಯಾರ ಎಲ್ಲವೂ ದೊಡ್ಡದಾಗುತ್ತವೆ. ಸಿಎಸ್6 ಮಾತ್ರ ಅಲ್ಲಾಡುವುದಿಲ್ಲ. ಅದು ಶುರುವಾಗುವಾಗಲೇ ‘ಡಿಪಿಐ ವಿಚಾರ ನನಗೆ ಗೊತ್ತು, ನೀವು ಕೈಹಾಕಬೇಡಿ’ ಎಂದು ವಿಂಡೋಸ್‌ಗೆ ಬರೆದುಕೊಟ್ಟಿರುತ್ತದೆ. ವಿಂಡೋಸ್ ನಂಬಿ ಸುಮ್ಮನಾಗುತ್ತದೆ. ಬರೆದುಕೊಟ್ಟವರೂ ಸುಮ್ಮನಿರುತ್ತಾರೆ.

ಪ್ರಿಫರೆನ್ಸಸ್‌ನಲ್ಲಿ ಅಕ್ಷರ ದೊಡ್ಡದು ಮಾಡುವ ಆಯ್ಕೆ ಇದೆಯಲ್ಲ ಎಂದು ಜಾಣರು ಕೇಳಬಹುದು. ಇದೆ. ಆರಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಪ್ಯಾನೆಲ್ಲಿನ ಅಕ್ಷರ ಒಂದಿಷ್ಟು ದಪ್ಪಗಾಗಿರುತ್ತದೆ, ಐಕಾನ್‌ಗಳು ಇದ್ದಲ್ಲೇ ಇರುತ್ತವೆ.

ಮೂರನೇ ಹಂತ: ಮೋಸಹೋಗುವುದು

ಈ ಹಂತವನ್ನು ನಿಧಾನವಾಗಿ ಓದಿ, ದುಡ್ಡು ಹೋಗುವುದು ಇಲ್ಲೇ. ಫೋಟೋಶಾಪ್ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್. ಸ್ಕೇಲಿಂಗ್ ಕೆಲಸವನ್ನು ಅಲ್ಲಿ ‘ಸಿಸ್ಟಮ್’ಗೆ ಒಪ್ಪಿಸಿ ಮತ್ತೆ ತೆರೆದರೆ ಮೆನು, ಟೂಲು, ಕಣ್ಣು ಎಲ್ಲ ದೊಡ್ಡದಾಗಿ ನಿಂತಿರುತ್ತವೆ. ಸಿಹಿ ಹಂಚಬೇಡಿ. ದೊಡ್ಡದಾಗಿರುವುದು ಟೂಲ್ ಅಷ್ಟೇ ಅಲ್ಲ. ವಿಂಡೋಸ್ ಇಡೀ ಕಿಟಕಿಯನ್ನು ಒಂದು ಚಿತ್ರವೆಂದುಕೊಂಡು ಹಿಗ್ಗಿಸಿದೆ, ಒಳಗಿನ ಫೋಟೋವನ್ನೂ ಸೇರಿಸಿ. ಮೇಲೆ 100% ಎಂದು ಬರೆದಿದ್ದರೂ ಪರದೆಯಲ್ಲಿ ಇರುವುದು 150%, ಅದೂ ಮಸುಕು.

ನೀವೇನು ಮಾಡುತ್ತೀರಿ? ಮದುಮಗಳ ಸೀರೆಯ ಜರಿ ಮಂಕಾಗಿದೆಯೆಂದು ಕ್ಯಾಮೆರಾದವನನ್ನು ಬೈದು ಶಾರ್ಪನ್ ಮಾಡುತ್ತೀರಿ. ಸಾಲದೆಂದು ಇನ್ನೊಮ್ಮೆ. ಪ್ರಿಂಟ್ ಬಂದಾಗ ಜರಿ ಗರಗಸದಂತಿರುತ್ತದೆ, ಕೂದಲಿನ ಸುತ್ತ ಬಿಳಿ ಗೆರೆ ಎದ್ದಿರುತ್ತದೆ. ಕ್ಯಾಮೆರಾದವನು ಪಾಪ, ಸರಿಯಾಗಿಯೇ ತೆಗೆದಿದ್ದ.

ಪರೀಕ್ಷೆ ಬೇಕೆಂದರೆ ಹೀಗೆ ಮಾಡಿ: ಹೊಸ ಫೈಲಿನಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಗೆರೆಗಳನ್ನು ಎಳೆದು 100%ನಲ್ಲಿ ನೋಡಿ. ಪ್ರತಿ ಗೆರೆಯೂ ಬಿಡಿಬಿಡಿಯಾಗಿ ಕಂಡರೆ ಫೋಟೋ ಕ್ಷೇಮ. ಬೂದು ಪಟ್ಟಿಗಳು ಕಲಸಿಕೊಂಡಿದ್ದರೆ ಹಿಗ್ಗಿಸಿದ ಚಿತ್ರವನ್ನೇ ನೀವು ತಿದ್ದುತ್ತಿದ್ದೀರಿ.

ನಾಲ್ಕನೇ ಹಂತ: ಸರಿಯಾದದ್ದು

ಕೊನೆಗೂ ಒಂದು ದಾರಿ ಇದೆ, ಕೈಪಿಡಿಗಳ ರೂಢಿಯಂತೆ ಅದನ್ನು ಕೊನೆಯಲ್ಲಿ ಹೇಳುತ್ತಿದ್ದೇವೆ. ಟೂಲ್‌ಗಳನ್ನು ಸಾಫ್ಟ್‌ವೇರ್ ತಾನೇ ದೊಡ್ಡದು ಮಾಡಬೇಕು, ಫೋಟೋವನ್ನು ಮುಟ್ಟಬಾರದು. 2014ರ ಫೋಟೋಶಾಪ್ ವಿಂಡೋಸ್‌ನಲ್ಲಿ ಪ್ರಾಯೋಗಿಕವಾಗಿ 200% ಕೊಟ್ಟಿತು. 100 ಬೇಕೇ, 200 ಬೇಕೇ. ನಡುವೆ ಏನೂ ಇಲ್ಲ, 163ರ ಪರದೆಗೆ ಎರಡೂ ಹೊಂದುವುದಿಲ್ಲ. 2018ರ ಜನವರಿಯಲ್ಲಿ 100ರಿಂದ 400%ರವರೆಗೆ, 25ರ ಮೆಟ್ಟಿಲುಗಳಲ್ಲಿ, ಒಂದೊಂದು ಮಾನಿಟರಿಗೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳುವಂತಾಯಿತು. ಗಿಂಪ್ ಬಳಸುವವರಿಗೆ 2018ರ 2.10ರಲ್ಲಿ ಐಕಾನ್ ಗಾತ್ರ ಬದಲಿಸುವ ಸೌಲಭ್ಯ ಇದೆ.

ಅಡಿಟಿಪ್ಪಣಿಯಾಗಿ ಒಂದು ಲೆಕ್ಕ, ಜಾಹೀರಾತಿನಲ್ಲಿ ಇದು ಇರುವುದಿಲ್ಲ. 5120×2160 ಪರದೆಯನ್ನು 150%ಗೆ ಇಟ್ಟರೆ ಮೆನು, ಪ್ಯಾನೆಲ್‌ಗಳಿಗೆ ಉಳಿಯುವ ಜಾಗ 3413×1440ರಷ್ಟು. ಅಂದರೆ ಹೆಚ್ಚುಕಡಿಮೆ 3440×1440ರ ಸಾಮಾನ್ಯ ಅಗಲ ಮಾನಿಟರಿನಷ್ಟೇ. ಹೆಚ್ಚು ದುಡ್ಡು ಕೊಟ್ಟಿದ್ದಕ್ಕೆ ಟೂಲ್ ಹರಡಿಕೊಳ್ಳಲು ಜಾಗ ಸಿಗಲಿಲ್ಲ, ಫೋಟೋಗೆ ಪಿಕ್ಸೆಲ್ ಸಿಕ್ಕವು. ಅದೂ ಸಣ್ಣ ಲಾಭವಲ್ಲ: 12×36 ಇಂಚಿನ ಆಲ್ಬಂ ಶೀಟ್ 300 ಡಿಪಿಐನಲ್ಲಿ 10,800 ಪಿಕ್ಸೆಲ್ ಅಗಲ. ಇಲ್ಲಿ ಅದರ ಅರ್ಧಕ್ಕೆ ಹತ್ತಿರದಷ್ಟು ಒಂದೇ ನೋಟಕ್ಕೆ ಸಿಗುತ್ತದೆ, ಅಲ್ಲಿ ಮೂರನೇ ಒಂದು ಭಾಗವೂ ಇಲ್ಲ.

ಸಿಎಸ್6 ಬಿಡುವುದಿಲ್ಲ ಎನ್ನುವವರು 34 ಇಂಚಿನ 3440×1440 ಕೊಳ್ಳಿ. ಇಂಚಿಗೆ 110 ಪಿಕ್ಸೆಲ್, ಸ್ಕೇಲಿಂಗ್‌ನ ಗೊಡವೆಯೇ ಬೇಡ. ಹೊಸ ಫೋಟೋಶಾಪ್ ಇದ್ದವರು ದೊಡ್ಡದಕ್ಕೆ ಕೈಹಾಕಬಹುದು. ಯಾವುದೇ ಆಗಲಿ, ದುಡ್ಡು ಕೊಡುವ ಮೊದಲು ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, ಆ ಪರದೆಗೆ ಜೋಡಿಸಿ, ನಿಮ್ಮದೇ ಸಾಫ್ಟ್‌ವೇರ್‌ನಲ್ಲಿ ನಿಮ್ಮದೇ ಶೀಟ್ ತೆರೆಸಿ ನೋಡಿ.